ಕದ್ದು ತಿನ್ನುವವರಿಗಾಗಿ ಒಂದು ನಮೋ ಮರಿಯಾ

ಹತ್ತು ನಿಮಿಷದಲ್ಲಿ ಆಗುತ್ತದೆ ಎಂದು ಹೇಳುವ ಅಡುಗೆಯನ್ನು ನಾನು ನಂಬುವುದಿಲ್ಲ. ಬೆಳ್ಳುಳ್ಳಿ ಸುಲಿಯಲಿಕ್ಕೇ ಹತ್ತು ನಿಮಿಷ ಬೇಕು. ಮನೆಯಲ್ಲಿ ಕೆಲಸ ಮಾಡುವವಳಿಗೆ ಅದು ಗೊತ್ತಿರುತ್ತದೆ, ವಿಡಿಯೋದಲ್ಲಿ ತೋರಿಸುವವರಿಗೆ ಗೊತ್ತಿರುವುದಿಲ್ಲ; ಅವರ ಬೆಳ್ಳುಳ್ಳಿ ಮೊದಲೇ ಸುಲಿಸಿಕೊಂಡು, ಕೊಚ್ಚಿಸಿಕೊಂಡು, ಗಾಜಿನ ಬಟ್ಟಲಿನಲ್ಲಿ ಬಂದು ಕುಳಿತಿರುತ್ತದೆ. ಈಸ್ಟರಿಗೆ ಮೊದಲಿನ, ಈ ಸಲದ ತಪಸ್ಸುಕಾಲದ ಒಂದು ಬುಧವಾರ, ಸಂಜೆ ನಾಲ್ಕು ಗಂಟೆಗೆ, ಶಾಲೆಯಿಂದ ಬಂದ ಮೊಮ್ಮಗಳು ರೀಮಾ ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಗ್ರ್ಯಾನಿ, ಇದು ಮಾಡುವಾ. ಗಾರ್ಲಿಕ್ ಬ್ರೆಡ್. ತುಂಬ ಈಸಿ ಅಂತೆ."

"ಯಾರಿಗೆ ಈಸಿ?"

"ಎಲ್ಲರಿಗೂ. ನೋಡಿ, ಬರೀ ಬೆಣ್ಣೆ, ಬೆಳ್ಳುಳ್ಳಿ, ಬ್ರೆಡ್. ಮತ್ತೆ ಎಂತ ಇಲ್ಲ."

ಮತ್ತೆ ಎಂತ ಇಲ್ಲ. ಐವತ್ತು ವರ್ಷಕ್ಕೂ ಮಿಕ್ಕಿ ಈ ಮೂರೇ ಸಾಮಾನು ನನ್ನನ್ನು ಸತಾಯಿಸುತ್ತಿವೆ ಎಂದು ಎಂಟು ವರ್ಷದ ಹುಡುಗಿಗೆ ಹೇಗೆ ಹೇಳುವುದು? ಆಗಲಿ ಎಂದೆ. ಫ್ರಿಜ್ಜಿನ ಬೆಣ್ಣೆ ಕಲ್ಲಾಗಿತ್ತು. ಚಾಕು ಹಾಕಿದರೆ ಬ್ರೆಡ್ಡೇ ಹರಿಯಿತು. ಕರಗಿಸಲು ಇಟ್ಟೆ, ಆ ಕಡೆ ಕುಕ್ಕರ್ ಕೂಗಿತೆಂದು ತಿರುಗಿದೆ, ಈ ಕಡೆ ಬೆಣ್ಣೆ ಕಂದಿ ಹೋಯಿತು. ಎರಡನೆಯ ಸಲ ಮಗಳು ಕ್ರಿಸ್ಮಸ್ಸಿಗೆ ತಂದುಕೊಟ್ಟ ಓವನ್ನಿನಲ್ಲಿ ಇಟ್ಟೆ. ನಾಲ್ಕು ನಿಮಿಷಕ್ಕೆ ಕರೆಂಟ್ ಹೋಯಿತು, ಹೋದದ್ದು ಅರ್ಧ ಗಂಟೆ ಬರಲಿಲ್ಲ. ಮೂರನೆಯ ಸಲ ಕಾವಲಿಯ ಮೇಲೆ ಹಾಕಿ, ಕಾಯುವ ಮೊದಲೇ ಬೆಣ್ಣೆಯ ಬದಿ ಕೆಳಗೆ ತಿರುಗಿಸಿದೆ. ಬೆಣ್ಣೆಯೆಲ್ಲ ಕಾವಲಿ ಕುಡಿದು, ಬೆಳ್ಳುಳ್ಳಿ ಕರಿಬೇವಿನ ಒಗ್ಗರಣೆಯ ಹಾಗೆ ಕಪ್ಪಾಗಿ ಕಹಿಯಾಯಿತು. ಬ್ರೆಡ್ಡು ಮಾತ್ರ ಮೆತ್ತಗೆ, ಬೆಳ್ಳಗೆ, ಏನೂ ಆಗದವರ ಹಾಗೆ ಇತ್ತು. ರೀಮಾ ಒಂದು ತುಂಡು ಬಾಯಿಗೆ ಹಾಕಿ, ಮರ್ಯಾದೆಗೆ ನುಂಗಿ, "ಪರವಾಗಿಲ್ಲ ಗ್ರ್ಯಾನಿ" ಎಂದಳು. ಸ್ಟವ್ವಿನ ಮುಂದೆ ನಿಂತವಳಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮನೆ ತುಂಬ ಬೆಳ್ಳುಳ್ಳಿ ಸುಟ್ಟ ವಾಸನೆ. ಹಾಲ್‌ನಲ್ಲಿ ಬೆತ್ತದ ಕುರ್ಚಿಯಲ್ಲಿ ಕುಳಿತು ಜಪಸರದ ಮಣಿ ಎಣಿಸುತ್ತಿದ್ದ ನನ್ನ ಅಮ್ಮ, ಎಂಬತ್ತಾರು ವರ್ಷದವಳು, ಒಂದು ಮಾತೂ ಆಡಲಿಲ್ಲ. ಕಣ್ಣು ತೆರೆದು ಅಡುಗೆಮನೆಯ ಕಡೆ ಒಮ್ಮೆ ನೋಡಿ ಪುನಃ ಮುಚ್ಚಿಕೊಂಡಳು. ನನಗೆ ಸಿಟ್ಟು ಬಂದದ್ದು ಬ್ರೆಡ್ಡಿನ ಮೇಲಲ್ಲ, ಅವಳ ಆ ಮೌನದ ಮೇಲೆ. ಯಾಕೆಂದರೆ ನಮ್ಮ ಇಡೀ ಫಳ್ನೀರು ಕೇರಿಯಲ್ಲಿ ಮೊದಲ ಬಾರಿ ಈ ತಿಂಡಿ ಮಾಡಿದವಳು ಅವಳೇ ಇರಬೇಕು. ಹೇಗೆ ಮಾಡುವುದೆಂದು ಅವಳಿಗೆ ಗೊತ್ತಿದೆ. ಹೇಳುವುದಿಲ್ಲ.

ನಾವೀಗ ಇರುವ ಫ್ಲ್ಯಾಟು ಎದ್ದದ್ದು ನಮ್ಮ ಹಳೆಯ ಹಂಚಿನ ಮನೆಯ ಜಾಗದಲ್ಲೇ. ಆಗಿನ ಅಡುಗೆಮನೆಯಲ್ಲಿ ಈಗ ಸ್ಕೂಟರುಗಳು ನಿಲ್ಲುತ್ತವೆ. ಮನೆ ಉದ್ದಕ್ಕೆ ಇತ್ತು, ರೈಲಿನ ಡಬ್ಬಿಗಳ ಹಾಗೆ ಕೋಣೆಯ ಹಿಂದೆ ಕೋಣೆ. ಮುಂದೆ ಚಾವಡಿ, ಅಲ್ಲಿ ಗೋಡೆಗೆ ಪವಿತ್ರ ಹೃದಯದ ಪಟ, ಅದರ ಕೆಳಗೆ ಮರದ ಪೀಠ, ಪೀಠದ ಕೆಳಗೆ ಬೀಗವಿರುವ ಸಣ್ಣ ಕಪಾಟು. ನಡುವೆ ಅಜ್ಜಿಯ ಕೋಣೆ. ಅಜ್ಜಿ ಎಂದರೆ ಅಪ್ಪನ ತಾಯಿ. ನಾವು ಕರೆಯುತ್ತಿದ್ದದ್ದು ವೊಡ್ಲಿಮಾಂಯ್ ಎಂದು, ಅವರು ನನ್ನನ್ನು ಬಾಯ್, ಅಂದರೆ ಮಗಳೇ, ಎಂದು. ಮನೆಯ ಮಾತು ಕೊಂಕಣಿ, ಇಲ್ಲಿ ಎಲ್ಲವನ್ನೂ ನಮ್ಮ ಊರಿನ ಕನ್ನಡಕ್ಕೆ ತಂದುಕೊಂಡು ಹೇಳುತ್ತಿದ್ದೇನೆ. ಹಿಂದೆ ಎರಡು ಮೆಟ್ಟಿಲು ಇಳಿದರೆ ಅಡುಗೆಮನೆ. ಚಾವಡಿಯಿಂದ ಅಡುಗೆಮನೆಗೆ ಹೋಗಬೇಕಾದರೆ ಅಜ್ಜಿಯ ಕೋಣೆ ದಾಟಿಯೇ ಹೋಗಬೇಕು, ಮತ್ತು ಆ ಕೋಣೆಯ ಎರಡೂ ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತಿದ್ದವು. ಯಾರು ಎಷ್ಟು ಸಲ ನೀರು ಕುಡಿದರು ಎಂಬುದೂ ಅವರಿಗೆ ಗೊತ್ತಾಗುತ್ತಿತ್ತು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು, ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದರು; ಮನೆಯ ವಿಷಯದಲ್ಲಿ ಅವರು ಅತಿಥಿ. ನಾನು ಒಬ್ಬಳೇ ಮಗಳು. ಅಮ್ಮ ಮತ್ತು ಅಜ್ಜಿಯ ನಡುವೆ ಓಡಾಡುತ್ತಿದ್ದ ಪೋಸ್ಟ್‌ಮ್ಯಾನ್ ನಾನು.

ಅಮ್ಮ ಮದುವೆಗೆ ಮೊದಲು ನಾಲ್ಕು ವರ್ಷ ಬೊಂಬಾಯಿಯಲ್ಲಿ ಒಬ್ಬ ಡಾಕ್ಟರರ ಮನೆಯಲ್ಲಿ ಅಡುಗೆಗೆ ನಿಂತವಳು. ಅಲ್ಲಿ ಡಾಕ್ಟರರು ಕರೆದಾಗ ತಿಂಡಿ ಆಗಬೇಕು, ರೋಗಿಗಳ ನಡುವೆ ಐದು ನಿಮಿಷ ಸಿಕ್ಕಿದರೆ ಐದು ನಿಮಿಷದಲ್ಲಿ. ನಮ್ಮ ಮನೆಯಲ್ಲಿ ಅದು ತಿರುಗುಮುರುಗು. ಇಡ್ಲಿಯ ಹಾಗಿನ ಸಾನ್ನಾ ಬೇಕಾದರೆ ಹಿಂದಿನ ದಿನ ಅಕ್ಕಿ ನೆನೆಯಬೇಕು, ಕಡೆಯುವ ಕಲ್ಲಿನ ಮುಂದೆ ಒಂದೂವರೆ ಗಂಟೆ ಕೂರಬೇಕು, ಕಳ್ಳು ಹಾಕಿ ಹುಳಿ ಬರುವವರೆಗೆ ಕಾಯಬೇಕು. ಮೀನಿಗೆ ಮಸಾಲೆ ಅರೆಯುವಾಗ ಅಜ್ಜಿ ಬಂದು ಎರಡು ಬೆರಳಲ್ಲಿ ಮುಟ್ಟಿ ನೋಡಿ, "ಇನ್ನೂ ತರಿ ಉಂಟು" ಎನ್ನುತ್ತಿದ್ದರು. ಇನ್ನೂ ಕಾಲು ಗಂಟೆ ಅರೆದರೂ ತರಿ ಇರುತ್ತಿತ್ತು. ಅಮ್ಮ ಒಮ್ಮೆ, ಬಂದ ಹೊಸದರಲ್ಲಿ, ಹಳೆಯ ಬ್ರೆಡ್ಡಿಗೆ ಬೆಳ್ಳುಳ್ಳಿ ಮತ್ತು ಬೆಣ್ಣೆ ಹಚ್ಚಿ ಕಾವಲಿಯಲ್ಲಿ ಕಾಯಿಸಿ ಎಲ್ಲರ ಮುಂದೆ ಇಟ್ಟಳಂತೆ. ಅಜ್ಜಿ ತಟ್ಟೆಯನ್ನು ನೋಡಿ ಕೇಳಿದರಂತೆ:

"ಇದು ಎಷ್ಟು ಹೊತ್ತಿನ ಕೆಲಸ?"

"ಹತ್ತು ನಿಮಿಷ ಮಾಂಯ್."

"ಹತ್ತು ನಿಮಿಷದಲ್ಲಿ ಆಗುವಂಥದ್ದು ಅಡುಗೆಯಾ, ಕಷಾಯವಾ? ಬೊಂಬಾಯಿಯವರಿಗೆ ಹೊಟ್ಟೆ ಉಂಟು, ಮನೆ ಇಲ್ಲ."

ಅಲ್ಲಿಗೆ ಅದು ಮುಗಿಯಿತು. ಆದರೆ ಪೂರ್ತಿ ಮುಗಿದಿರಲಿಲ್ಲ. ಮಧ್ಯಾಹ್ನ ಊಟ ಮುಗಿದು, ಪಾತ್ರೆ ತೊಳೆದು, ಎರಡರಿಂದ ಮೂರರವರೆಗೆ ಅಜ್ಜಿ ಮಲಗುವ ಹೊತ್ತು ಒಂದಿತ್ತು. ವಾರಕ್ಕೊಮ್ಮೆಯೋ ಎರಡು ಸಲವೋ, ಶನಿವಾರ ಅಥವಾ ರಜೆಯ ದಿನ, ಅಮ್ಮ ನನಗೆ ಕಣ್ಣಲ್ಲೇ ಹೇಳುತ್ತಿದ್ದಳು. ನಾನು ಹೋಗಿ ಮೇಲಿನ ಮೆಟ್ಟಿಲ ಮೇಲೆ, ಅಜ್ಜಿಯ ಕೋಣೆಗೆ ಮುಖ ಮಾಡಿ ಕೂರಬೇಕು. ಗೊರಕೆ ನಿಂತರೆ ನೆಲಕ್ಕೆ ಎರಡು ಸಲ ಬಡಿಯಬೇಕು. ಬೆನ್ನ ಹಿಂದೆ ಅಮ್ಮ ಸೀಮೆಎಣ್ಣೆ ಸ್ಟವ್ ಹಚ್ಚುವುದು ಕೇಳಿಸುತ್ತಿತ್ತು, ಲೋಟದಿಂದ ಏನನ್ನೋ ಜಜ್ಜುವುದು, ಮುಚ್ಚಳ ಮುಚ್ಚುವುದು. ಆಮೇಲೆ ವಾಸನೆ. ನಮ್ಮ ಪುಣ್ಯಕ್ಕೆ ಅಜ್ಜಿ ನಶ್ಯ ಹಾಕುತ್ತಿದ್ದರು. ದಿನಕ್ಕೆ ಹತ್ತು ಹನ್ನೆರಡು ಚಿಟಿಕೆ. ಅವರ ಕಿವಿಗೆ ಇರುವೆ ನಡೆದದ್ದೂ ಕೇಳುತ್ತಿತ್ತು, ಮೂಗಿಗೆ ಮಾತ್ರ ಹೊಲದ ಗೊಬ್ಬರವೂ ಗೊತ್ತಾಗುತ್ತಿರಲಿಲ್ಲ. ದೇವರು ಒಂದು ಬಾಗಿಲನ್ನಾದರೂ ಮುಚ್ಚಿಟ್ಟಿದ್ದ ಎಂದು ಈಗಲೂ ನಾನು ಅವನಿಗೆ ವಂದನೆ ಹೇಳುತ್ತೇನೆ. ಅಮ್ಮ ಹಿಂದಿನಿಂದ ಬಂದು ನನ್ನ ಮಡಿಲಿಗೆ ಒಂದು ತುಂಡು ಇಡುತ್ತಿದ್ದಳು. ಮೇಲೆ ಗರಿಗರಿ ಇರಲಿಲ್ಲ, ಕೆಳಗೆ ಇತ್ತು. ಮೇಲೆ ಬೆಣ್ಣೆ ಹೊಳೆಯುತ್ತಿತ್ತು. ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತು, ಸೀರೆಯ ಸೆರಗಿನಲ್ಲಿ ಚೂರು ಬೀಳದ ಹಾಗೆ ಹಿಡಿದು, ಅವಳೂ ತಿನ್ನುತ್ತಿದ್ದಳು. ಆ ಮನೆಯಲ್ಲಿ ಅಮ್ಮ ಕುಳಿತು ತಿಂದದ್ದನ್ನು ನಾನು ನೋಡಿದ್ದು ಆಗ ಮಾತ್ರ. ಕಾವಲಿನವಳಾದ್ದರಿಂದ ಅವಳು ಅದನ್ನು ಮಾಡುವುದನ್ನು ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ. ಇಂದಿಗೂ ನನಗೆ ಅದು ಬಾರದಿರುವುದಕ್ಕೆ ಕಾರಣ ಅದೇ.

ನಮ್ಮಲ್ಲಿ ಸಂಜೆ ಏಳು ಗಂಟೆಗೆ ಜಪಸರ. ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಹೋಗಿ ಕೈ ಜೋಡಿಸಿ ಬೆಸಾಂವ್, ಅಂದರೆ ಆಶೀರ್ವಾದ ಕೇಳಬೇಕು. ಅಪ್ಪ ಅಮ್ಮ ಇಬ್ಬರೂ ಅಜ್ಜಿಯ ಮುಂದೆ, ಆಮೇಲೆ ನಾನು ಮೂವರ ಮುಂದೆ. ಹಗಲಿಡೀ ಎಷ್ಟೇ ಜಗಳ ಆಗಿರಲಿ, ಕೇಳಿದರೆ ಕೊಡಲೇಬೇಕು. ಕೊಡದೆ ಊಟಕ್ಕೆ ಕೂರುವ ಹಾಗಿಲ್ಲ. ಅಜ್ಜಿಯ ಕೈಗೆ ನಶ್ಯದ ವಾಸನೆ, ಅಪ್ಪನ ಕೈಗೆ ಶಾಯಿಯದ್ದು. ಅಮ್ಮನ ಕೈ ತಲೆಯ ಮೇಲಿಂದ ಹಣೆಗೆ ಇಳಿದು ಶಿಲುಬೆಯ ಗುರುತು ಹಾಕುವಾಗ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ಎಷ್ಟು ತೊಳೆದರೂ ಅದು ಹೋಗುತ್ತಿರಲಿಲ್ಲ. ನನಗೆ ಆಶೀರ್ವಾದ ಎಂದರೆ ಆ ವಾಸನೆಯೇ.

ನನಗೆ ಎಂಟು ತುಂಬಿದ ವರ್ಷ ತಪಸ್ಸುಕಾಲ ಬಂತು. ನಲವತ್ತು ದಿನ ಒಬ್ಬೊಬ್ಬರು ಒಂದೊಂದು ಇಷ್ಟದ ವಸ್ತು ಬಿಡುವುದು ರೂಢಿ. ನಮ್ಮಲ್ಲಿ ಒಬ್ಬೊಬ್ಬರು ಆರಿಸಿಕೊಳ್ಳುವ ಪದ್ಧತಿ ಇರಲಿಲ್ಲ, ಎಲ್ಲರ ಪರವಾಗಿ ಅಜ್ಜಿಯೇ ಆರಿಸುತ್ತಿದ್ದರು. ಆ ವರ್ಷ ಅವರು ಬೆಣ್ಣೆ ಎಂದರು. ಅಜ್ಜಿಗೆ ಬೆಣ್ಣೆ ಸೇರುತ್ತಿರಲಿಲ್ಲ. ತಿಂದರೆ ಎದೆ ಉರಿ. ನಶ್ಯವನ್ನು ಮಾತ್ರ ಯಾವ ತಪಸ್ಸುಕಾಲದಲ್ಲೂ ಬಿಡಲಿಲ್ಲ, ಅದು ವಸ್ತು ಅಲ್ಲ ಮದ್ದು ಎಂದು ಅವರ ವಾದ. ಹಾಲಿನವಳು ತಂದುಕೊಡುವ ಬೆಣ್ಣೆಯನ್ನು ಭರಣಿಯಲ್ಲಿ ನೀರಿಗೆ ಹಾಕಿಡಬೇಕು, ಈಸ್ಟರಿನ ಹಿಂದಿನ ದಿನ ಕಾಯಿಸಿ ತುಪ್ಪ ಮಾಡಬೇಕು ಎಂದು ಆಜ್ಞೆಯಾಯಿತು. ಅಮ್ಮ ತಲೆಯಾಡಿಸಿದಳು. ಎರಡು ವಾರ ತಡೆದಳು. ಮೂರನೆಯ ಶನಿವಾರ ಅವಳ ಕಣ್ಣು ನನ್ನ ಕಡೆ ತಿರುಗಿತು. ನಾನು ಸುಮ್ಮನೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ.

ಅದೇ ವರ್ಷ ನನ್ನ ಪ್ರಥಮ ಪರಮಪ್ರಸಾದ, ಚರ್ಚಿನಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ನಾಲಗೆಯ ಮೇಲೆ ಪಡೆಯುವುದು. ಅದಕ್ಕೆ ಮೊದಲು ಮೊದಲನೆಯ ಕುಮ್ಸಾರ್. ಗುರುಗಳ ಎದುರು ಮೊಣಕಾಲೂರಿ ನಮ್ಮ ಪಾಪಗಳನ್ನು ಹೇಳಿಕೊಳ್ಳುವುದು. ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಚೆನ್ನಾಗಿ ಕಲಿಸಿದ್ದರು: ಪಾಪವನ್ನು ಮುಚ್ಚಿಡಬಾರದು, ಏನು ಮಾಡಿದೆ ಎಂದು ಹೇಳಬೇಕು, ಎಷ್ಟು ಸಲ ಎಂದೂ ಹೇಳಬೇಕು. ಮನೆಯಲ್ಲಿ ಅಭ್ಯಾಸ ಮಾಡಿಸುವ ಜವಾಬ್ದಾರಿಯನ್ನು ಅಜ್ಜಿ ತೆಗೆದುಕೊಂಡರು. ಚಾವಡಿಯ ಬೆತ್ತದ ಕುರ್ಚಿಯಲ್ಲಿ ಬೆನ್ನು ಆನಿಸಿ ಅವರು ಕೂರುವುದು, ಹಿಂದೆ ನಾನು ಮೊಣಕಾಲೂರುವುದು. ಕುರ್ಚಿಯ ಬೆನ್ನಿನ ಹೆಣಿಗೆಯ ತೂತುಗಳು ಇಗರ್ಜಿಯಲ್ಲಿ ಗುರುಗಳು ಕೂರುವ ಕುಮ್ಸಾರಿನ ಪೆಟ್ಟಿಗೆಯ ಜಾಲರಿಯ ಹಾಗೇ ಇದ್ದವು. ಅಭ್ಯಾಸಕ್ಕೆ ಎಲ್ಲ ಮಕ್ಕಳೂ ಪುಸ್ತಕದ ಪಾಪಗಳನ್ನು ಹೇಳುತ್ತಿದ್ದರು: ಸುಳ್ಳು ಹೇಳಿದೆ ಮೂರು ಸಲ, ಜಗಳ ಮಾಡಿದೆ ಎರಡು ಸಲ. ನಾನೂ ಹಾಗೆಯೇ ಶುರು ಮಾಡಿದೆ. ಆದರೆ ಕಣ್ಣು ಮುಚ್ಚಿ, ಕೈ ಜೋಡಿಸಿ, ಆ ತೂತುಗಳ ಹತ್ತಿರ ಬಾಯಿ ಇಟ್ಟಾಗ ಆಚೆಗಿರುವುದು ಅಜ್ಜಿ ಎಂದು ನನಗೆ ಮರೆತೇ ಹೋಯಿತು. ಪಾಪ ಮುಚ್ಚಿಟ್ಟರೆ ಪರಮಪ್ರಸಾದ ನಾಲಗೆಯ ಮೇಲೆ ಸುಡುತ್ತದೆ ಎಂದು ಕ್ಲಾಸಿನ ಒಬ್ಬಳು ಹೇಳಿದ್ದಳು. ಅದರ ಹೆದರಿಕೆ ಬೇರೆ.

"ಬೆಣ್ಣೆ ತಿಂದೆ," ಎಂದೆ.

ಕುರ್ಚಿ ಸ್ವಲ್ಪ ಕಿರ್ ಎಂದಿತು. "ಎಷ್ಟು ಸಲ?"

"ನಾಲ್ಕು ಸಲ."

"ಕದ್ದಾ?"

"ಕದ್ದದ್ದಲ್ಲ. ಬ್ರೆಡ್ಡಿಗೆ ಹಚ್ಚಿ. ಬೆಳ್ಳುಳ್ಳಿ ಹಾಕಿ."

"ಯಾರ ಜೊತೆ?"

ಇಗರ್ಜಿಯಲ್ಲಿ ಗುರುಗಳು ಯಾರ ಜೊತೆ ಎಂದು ಕೇಳುವುದಿಲ್ಲ. ಅಷ್ಟು ನನಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಬೇಕು ಎಂದಷ್ಟೇ ಗೊತ್ತಿತ್ತು.

"ಅಮ್ಮನ ಜೊತೆ."

ಅಜ್ಜಿ ತಿರುಗಲಿಲ್ಲ. ಸೊಂಟದಿಂದ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಗುರುಗಳ ಹಾಗೆಯೇ ಮೆಲ್ಲಗೆ, "ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಹೇಳು ಬಾಯ್, ಒಳ್ಳೆಯ ಹುಡುಗಿ" ಎಂದರು. ನಾನು ಹೇಳಿದೆ. ಹಗುರ ಆಯಿತು. ಅಂಗಳಕ್ಕೆ ಹೋಗಿ ಆಡಿಕೊಂಡೆ. ಇದನ್ನು ನೆನೆದರೆ ಇಂದಿಗೂ ನನಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬರುತ್ತದೆ. ಅಜ್ಜಿಯ ಮೇಲಲ್ಲ, ಅಷ್ಟು ಹಗುರಾಗಿ ಆಡಿಕೊಂಡ ಆ ಹುಡುಗಿಯ ಮೇಲೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಅಮ್ಮ ತಡೆದುಕೊಳ್ಳುತ್ತಿದ್ದಳು, ಬೈಗುಳಕ್ಕೆ ಅವಳಿಗೆ ಅಭ್ಯಾಸವಿತ್ತು. ಆ ಸಂಜೆ ಜಪಸರ ಮುಗಿದು, ರೋಗಿಗಳಿಗಾಗಿ, ಪ್ರಯಾಣದಲ್ಲಿ ಇರುವವರಿಗಾಗಿ, ತೀರಿಹೋದವರಿಗಾಗಿ ಎಂದು ಒಂದೊಂದು ನಮೋ ಮರಿಯಾ ಹೇಳುವ ಹೊತ್ತು ಬಂದಾಗ, ಅಜ್ಜಿ ಸ್ವಲ್ಪ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು:

"ಈ ಮನೆಯಲ್ಲಿ ತಪಸ್ಸುಕಾಲದಲ್ಲಿ ಕದ್ದು ತಿನ್ನುವವರಿಗಾಗಿ ಒಂದು ನಮೋ ಮರಿಯಾ."

ನಮೋ ಮರಿಯಾ ಪ್ರಾರ್ಥನೆಯ ಮೊದಲ ಅರ್ಧವನ್ನು ಒಬ್ಬರು ಹೇಳಬೇಕು, ಉಳಿದರ್ಧವನ್ನು ಮಿಕ್ಕವರು ಹೇಳಿ ಮುಗಿಸಬೇಕು. ಮೊದಲರ್ಧ ಅಜ್ಜಿ ಹೇಳಿ ನಿಲ್ಲಿಸಿದರು. ಅಪ್ಪನಿಗೆ ಏನೂ ಗೊತ್ತಿಲ್ಲ, ಯಾರೆಂದು ನೋಡುವ ಹಾಗೆ ತಲೆ ಎತ್ತಿದರು. ನಾನು ಪವಿತ್ರ ಹೃದಯದ ಪಟವನ್ನೇ ನೋಡಿದೆ. ಅಮ್ಮ ಒಬ್ಬಳೇ, ಸ್ಪಷ್ಟವಾಗಿ, ಒಂದು ಅಕ್ಷರ ಬಿಡದೆ ಉಳಿದರ್ಧ ಹೇಳಿ ಆಮೆನ್ ಎಂದಳು. ತನಗಾಗಿ ಮಾಡಿದ ಪ್ರಾರ್ಥನೆಗೆ ತಾನೇ ಉತ್ತರ ಕೊಟ್ಟಳು. ಈಸ್ಟರಿನವರೆಗೆ ಪ್ರತಿ ಸಂಜೆ ಇದೇ ನಡೆಯಿತು. ನೆರೆಮನೆಯವರು ಜಪಸರಕ್ಕೆ ಬಂದು ಕುಳಿತ ದಿನವೂ ಅಜ್ಜಿ ಬಿಡಲಿಲ್ಲ. ಬೆಣ್ಣೆಯ ಭರಣಿ ಆ ಮೊದಲ ದಿನ ಜಪಸರಕ್ಕೆ ಮುಂಚೆಯೇ, ಅಮ್ಮನ ಕಣ್ಣೆದುರೇ, ಪೀಠದ ಕೆಳಗಿನ ಕಪಾಟಿಗೆ, ಮೇಣದಬತ್ತಿ ಮತ್ತು ಆಶೀರ್ವದಿಸಿದ ನೀರಿನ ಬಾಟಲಿಯ ಪಕ್ಕಕ್ಕೆ ಹೋಯಿತು. ಬೀಗದ ಕೈ ಅಜ್ಜಿಯ ಸೊಂಟಕ್ಕೆ.

ಆ ಮೊದಲನೆಯ ಸಂಜೆ ಎಲ್ಲರೂ ಎದ್ದು ಬೆಸಾಂವ್ ಕೇಳುವ ಹೊತ್ತಾಯಿತು. ಅಮ್ಮ ಹೋಗಿ ಅಜ್ಜಿಯ ಮುಂದೆ ಕೈ ಜೋಡಿಸಿದಳು, ಅಜ್ಜಿ ಕೊಟ್ಟರು. ಆಮೇಲೆ ನಾನು ಅಮ್ಮನ ಮುಂದೆ ನಿಂತೆ. ಅವಳು ಕೊಡುವುದಿಲ್ಲ ಎಂದುಕೊಂಡಿದ್ದೆ; ಕೊಡದಿದ್ದರೆ ಒಳ್ಳೆಯದಿತ್ತು. ಅವಳ ಕೈ ತಲೆಯಿಂದ ಹಣೆಗೆ ಇಳಿಯಿತು, ಶಿಲುಬೆಯ ಗುರುತು ಹಾಕಿತು. ಬಟ್ಟೆ ಒಗೆಯುವ ಸಾಬೂನಿನ ವಾಸನೆ. ಬೆರಳುಗಳ ತುದಿ ಉಜ್ಜಿ ಉಜ್ಜಿ ಬೆಳ್ಳಗಾಗಿ ಸುಕ್ಕಾಗಿದ್ದವು. "ದೇವರು ಒಳ್ಳೆಯದು ಮಾಡಲಿ" ಎಂದಳು, ದಿನಾ ಹೇಳುವ ಹಾಗೆಯೇ. ಆ ದಿನದ ನಂತರ ಅಮ್ಮನ ಕಣ್ಣು ನನ್ನನ್ನು ಆ ಮೆಟ್ಟಿಲಿಗೆ ಕಳುಹಿಸಲಿಲ್ಲ. ಮಸಾಲೆಗೆ ಬೆಳ್ಳುಳ್ಳಿ ಸುಲಿಯುವ ಕೆಲಸವನ್ನು ನನಗೆ ಕೊಟ್ಟಳು, ಸುಲಿದದ್ದನ್ನು ಚಮಚದಲ್ಲಿ ಎತ್ತಿ ಹಾಕುತ್ತಿದ್ದಳು. ಬೈಯಲಿಲ್ಲ, ಒಮ್ಮೆಯೂ. ನನ್ನ ಬಿಳಿ ಫ್ರಾಕು ತಾನೇ ಹೊಲಿದಳು, ಪರಮಪ್ರಸಾದದ ದಿನ ತಲೆಗೆ ಹೂವಿನ ಕಿರೀಟ ಇಟ್ಟಳು. ನಾಲಗೆ ಸುಡಲಿಲ್ಲ. ಸುಡದೆ ಇದ್ದದ್ದೇ ನನಗೆ ಸರಿ ಕಾಣಲಿಲ್ಲ.

ಅಂದಿನಿಂದ ನಾನು ಬಾಯಿ ಬಿಗಿಹಿಡಿದವಳು. ಶಾಲೆಯಲ್ಲಿ ಯಾರು ಗಾಜು ಒಡೆದರೆಂದು ಟೀಚರ್ ಕೇಳಿದರೂ ಹೇಳಲಿಲ್ಲ, ಪೆಟ್ಟು ತಿಂದೆ. ಮದುವೆಯಾದ ಮೇಲೆ ಗಂಡ ಮಸ್ಕತ್ತಿನಿಂದ ಬರೆಯುತ್ತಿದ್ದರು: 'ನಿನ್ನ ಪತ್ರದಲ್ಲಿ ಎಲ್ಲರೂ ಕ್ಷೇಮ ಎಂದು ಬಿಟ್ಟರೆ ಏನೂ ಇರುವುದಿಲ್ಲ ಮಾರಾಯ್ತಿ.' ಅವರು ತೀರಿಕೊಳ್ಳುವವರೆಗೂ ಆ ದೂರು ಹಾಗೆಯೇ ಉಳಿಯಿತು. ಮಗಳು ಕೂಡ, ಆಸ್ಪತ್ರೆಯಲ್ಲಿ ನರ್ಸ್ ಅವಳು, ರೋಗಿಗಳಿಂದ ಮಾತು ಹೊರಡಿಸುವುದು ಸುಲಭ, ನಿಮ್ಮಿಂದ ಕಷ್ಟ ಎನ್ನುತ್ತಾಳೆ. ಒಳ್ಳೆಯ ಗುಣ ಎಂದು ಕೆಲವರು ಹೊಗಳಿದ್ದೂ ಉಂಟು. ಗುಣ ಅಲ್ಲ, ಗಾಯದ ಮೇಲೆ ಬೆಳೆದ ದಪ್ಪ ಚರ್ಮ.

ಅಜ್ಜಿ ಹೋದರು. ಅಪ್ಪ ಹೋದರು. ಕಪಾಟಿನ ಬೀಗ ತುಕ್ಕು ಹಿಡಿದು ತೆರೆದೇ ಉಳಿಯಿತು. ಆದರೆ ಅಮ್ಮ ಆ ಬ್ರೆಡ್ಡು ಮಾಡಲಿಲ್ಲ. ಇಷ್ಟೂ ವರ್ಷ ಪ್ರತಿ ತಪಸ್ಸುಕಾಲಕ್ಕೆ ಬೆಣ್ಣೆ ಬಿಡುತ್ತಾಳೆ, ಯಾರೂ ಹೇಳದೆ. ನಾನು ಮಾಡದ ಉಪಾಯವಿಲ್ಲ. ಬೇಕರಿಯಿಂದ ತಂದೆ, ಪಿಜ್ಜಾ ಅಂಗಡಿಯಿಂದ ತರಿಸಿದೆ, ಕ್ರಿಸ್ಮಸ್ಸಿಗೆ ಬಂದ ಬಂಧುಗಳ ಮುಂದೆ ತಟ್ಟೆಯಲ್ಲಿ ಇಟ್ಟೆ. "ನನಗೆ ಆಗುದಿಲ್ಲ ಬಾಯ್, ಗ್ಯಾಸ್" ಎನ್ನುತ್ತಾಳೆ. ಹಂದಿಮಾಂಸದ ಸಾರಿಗೆ ಗ್ಯಾಸ್ ಇಲ್ಲ! ಒಂದು ಸಲ, ಹತ್ತು ವರ್ಷದ ಹಿಂದೆ, ಧೈರ್ಯ ಮಾಡಿ ಕೇಳಿಯೇ ಬಿಟ್ಟೆ.

"ಅಮ್ಮ, ಆ ಬೆಣ್ಣೆಯ ವಿಷಯ ಅಜ್ಜಿಗೆ ನಾನು ಹೇಳಿದ್ದು..."

"ಎಂತ ಬೆಣ್ಣೆ?"

"ಮಧ್ಯಾಹ್ನ ನಾವು ತಿಂತಾ ಇದ್ದದ್ದು. ಮೆಟ್ಟಿಲಲ್ಲಿ ಕೂತು."

"ನನಗೆ ನೆನಪಿಲ್ಲ. ಆ ಫ್ಯಾನ್ ಸ್ವಲ್ಪ ಕಡಿಮೆ ಮಾಡು."

ನನ್ನ ಮದುವೆಗೆ ಯಾರು ಯಾವ ಬಣ್ಣದ ಸೀರೆ ಉಟ್ಟು ಬಂದಿದ್ದರು ಎಂದು ಹೇಳಬಲ್ಲವಳಿಗೆ ಅದು ನೆನಪಿಲ್ಲವಂತೆ. ಕ್ಷಮೆ ಕೇಳಲಿಕ್ಕೂ ಎದುರಿಗೆ ಒಬ್ಬರು ತಪ್ಪು ಆಗಿದೆ ಎಂದು ಒಪ್ಪಬೇಕಲ್ಲ. ಅವಳು ಒಪ್ಪುವುದಿಲ್ಲ. ಕುಮ್ಸಾರಿನಲ್ಲಿ ನಾನು ಇದನ್ನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಒಬ್ಬ ಸಣ್ಣ ಪ್ರಾಯದ ಫಾದರ್ ನಕ್ಕೇಬಿಟ್ಟರು: "ಎಂಟು ವರ್ಷದಲ್ಲಿ ಮಾಡಿದ್ದಾ? ದೇವರು ಯಾವಾಗಲೋ ಮರ್ತಿದ್ದಾರೆ." ದೇವರು ಮರೆಯುತ್ತಾನೆ, ಸರಿ. ಅಮ್ಮ ಮರೆತಿದ್ದೇನೆ ಎಂದು ಹೇಳುತ್ತಾಳೆ. ಎರಡೂ ಒಂದೇ ಅಲ್ಲ.

ಇನ್ನು ಆ ಬುಧವಾರಕ್ಕೆ ಬರುತ್ತೇನೆ. ಮೂರನೆಯ ಸಲವೂ ಕೆಟ್ಟ ಮೇಲೆ ನಾನು ಸುಟ್ಟ ಕಾವಲಿಯನ್ನು ತೊಳೆದು ಒರೆಸಿಟ್ಟು, ಕೈಯನ್ನು ಎರಡು ಸಲ ಸಾಬೂನು ಹಾಕಿ ತೊಳೆದು ಹಾಲ್‌ಗೆ ಬಂದು ಕುಳಿತೆ. ಬೆಣ್ಣೆ ಸ್ವಲ್ಪ ಉಳಿದಿತ್ತು, ಬ್ರೆಡ್ಡೂ ನಾಲ್ಕು ತುಂಡು ಇತ್ತು, ಆದರೆ ನನಗೆ ಸಾಕಾಗಿತ್ತು. ರೀಮಾಳಿಗೂ ಈ ವರ್ಷವೇ ಪ್ರಥಮ ಪರಮಪ್ರಸಾದ. ಅವಳು ಬ್ಯಾಗಿನಿಂದ ಒಂದು ಕಾಗದ ತೆಗೆದಳು, ಎರಡು ಮಡಿಕೆ ಮಾಡಿದ್ದು.

"ಗ್ರ್ಯಾನಿ, ಶನಿವಾರ ನಮ್ಮ ಕನ್ಫೆಶನ್ ಉಂಟು. ಪ್ರಾಕ್ಟೀಸ್ ಮಾಡ್ಲಿಕ್ಕೆ ಹೇಳಿದ್ದಾರೆ. ನೀವು ಫಾದರ್ ಆಗಿ."

"ಈಗ ಬೇಡ."

"ಐದೇ ನಿಮಿಷ! ನಾನು ಬರ್ದಿದ್ದೇನೆ. ಒಂದು, ಮಮ್ಮಿ ಮತ್ತೆ ನಾನು ಪಪ್ಪನಿಗೆ ಗೊತ್ತಾಗದ ಹಾಗೆ..."

ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ. ಕೈ ಅವಳ ಬಾಯಿಯ ಮೇಲಿತ್ತು. ಹುಡುಗಿ ಹೆದರಿ ಕಣ್ಣು ದೊಡ್ಡ ಮಾಡಿದಳು.

"ನನಗೆ ಹೇಳ್ಬೇಡ," ಎಂದೆ. ಧ್ವನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. "ಮಮ್ಮಿಗೂ ಹೇಳ್ಬೇಡ, ಯಾರಿಗೂ ಬೇಡ. ಅದು ಫಾದರ್‌ಗೆ ಮಾತ್ರ. ಅವರಿಗೂ ನಿನ್ನದು ಮಾತ್ರ ಹೇಳು, ಬೇರೆಯವರದ್ದು ಹೇಳ್ಲಿಕ್ಕಿಲ್ಲ. ಯಾರ ಜೊತೆ ಅಂತ ಯಾರಾದರೂ ಕೇಳಿದ್ರೂ ಹೇಳ್ಲಿಕ್ಕಿಲ್ಲ. ಗೊತ್ತಾಯ್ತಾ?"

"ಪ್ರಾಕ್ಟೀಸ್ ಅಲ್ವಾ ಗ್ರ್ಯಾನಿ?"

"ಪ್ರಾಕ್ಟೀಸಿಗೆ ಪುಸ್ತಕದ ಪಾಪ ಹೇಳು. ನಿಂದು ಒಳಗೆ ಇಡು."

ಹಿಂದೆ ಬೆತ್ತದ ಕುರ್ಚಿ ಕಿರ್ ಎಂದಿತು. ಅದು ಅದೇ ಕುರ್ಚಿ; ಹಳೆಯ ಮನೆ ಕೆಡವುವಾಗ ಅಮ್ಮ ಹಟ ಹಿಡಿದು ಉಳಿಸಿಕೊಂಡ ಒಂದೇ ಸಾಮಾನು. ಯಾಕೆ ಅದೇ ಬೇಕಾಯಿತು ಎಂದು ಕೇಳಿದರೆ ಸೊಂಟಕ್ಕೆ ಒಳ್ಳೆಯದು ಎಂದಿದ್ದಳು. ನಾನು ತಿರುಗಿದಾಗ ಅವಳ ಬೆರಳು ಮಣಿಯ ಮೇಲೆ ನಿಂತಿತ್ತು. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಮುಂದಿನ ಮಣಿಗೆ ಹೋದಳು. ಹೇಳುವವಳೇ ಅಲ್ಲ, ಬಿಡಿ.

ಆರೂವರೆಗೆ ಮಗಳು ಡ್ಯೂಟಿ ಮುಗಿಸಿ ಕೆಳಗೆ ಬಂದು ಫೋನ್ ಮಾಡಿದಳು, ಲಿಫ್ಟ್ ಕೆಟ್ಟಿದೆ, ಮೇಲೆ ಬರಲು ಕಾಲಿಲ್ಲ ಎಂದು. ನಾನೇ ರೀಮಾಳನ್ನು ಮೂರು ಮಹಡಿ ಇಳಿಸಿಕೊಂಡು ಹೋದೆ. ಪಂಪ್‌ವೆಲ್ ಸರ್ಕಲ್ಲಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತ ಕಥೆ ಮಗಳು ಹೇಳಿದಳು, ನಾನು ಕರೆಂಟ್ ಹೋದ ಕಥೆ ಹೇಳಿದೆ. ಮಳೆ ಇರಲಿಲ್ಲ, ರಿಕ್ಷಾ ಬೇಗ ಸಿಕ್ಕಿತು. ಇಂಥ ಸಣ್ಣ ಉಪಕಾರಗಳಿಗೆ ದೇವರಿಗೆ ಕೈ ಮುಗಿದು ಮೆಟ್ಟಿಲು ಹತ್ತಿ ಬರುವಾಗ ಏಳಾಗಿತ್ತು. ಮನೆಯಲ್ಲಿ ಮೊದಲಿನದೇ ವಾಸನೆ. ನನ್ನ ಸುಟ್ಟ ಬೆಳ್ಳುಳ್ಳಿಯದ್ದು ಎಂದುಕೊಂಡೆ. ಅಮ್ಮ ಕುರ್ಚಿಯಲ್ಲೇ ಇದ್ದಳು. ಮೇಣದಬತ್ತಿ ಹಚ್ಚಿದೆ. ಇಬ್ಬರೂ ಜಪಸರ ಹೇಳಿದೆವು. ಅವಳು ಮೊದಲರ್ಧ, ನಾನು ಉಳಿದರ್ಧ. ಮುಗಿದ ಮೇಲೆ ನಾನು, ಅರವತ್ತು ದಾಟಿದವಳು, ಎಂದಿನ ಹಾಗೆ ಅವಳ ಮುಂದೆ ಬಗ್ಗಿ ಕೈ ಜೋಡಿಸಿದೆ.

"ಬೆಸಾಂವ್ ಕೊಡು ಅಮ್ಮ."

ಕೈ ತಲೆಯ ಮೇಲೆ ಬಂತು. ಹಣೆಗೆ ಇಳಿಯಿತು, ಮೂಗಿನ ಮುಂದೆ ದಾಟಿತು. ನಾನು ಹಾಗೇ ಬಗ್ಗಿಯೇ ಉಳಿದೆ. ಬೆಳ್ಳುಳ್ಳಿ. ಸುಟ್ಟದ್ದಲ್ಲ, ಆಗ ತಾನೇ ಜಜ್ಜಿದ ಹಸಿ ಬೆಳ್ಳುಳ್ಳಿ, ಅದರ ಕೆಳಗೆ ಬೆಣ್ಣೆ. ನಾನು ಕೈ ಹಿಡಿದುಕೊಂಡೆ. ಅವಳು ಎಳೆದುಕೊಂಡಳು.

"ಎಂತ ಮಾಡಿದ್ದು ನೀನು?"

"ಎಂತ ಇಲ್ಲ."

ಅಡುಗೆಮನೆಗೆ ಓಡಿದೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಲಿಕ್ಕೇ ಐದು ನಿಮಿಷ ತೆಗೆದುಕೊಳ್ಳುವವಳು ಅವಳು. ಒರೆಸಿಟ್ಟ ಕಾವಲಿ ಸ್ಟವ್ವಿನ ಮೇಲೆ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಸ್ಟೀಲ್ ಲೋಟ, ಅದರ ತಳಕ್ಕೆ ಉಪ್ಪು ಬೆರೆತ ಬೆಳ್ಳುಳ್ಳಿಯ ಸಿಪ್ಪೆ ಅಂಟಿತ್ತು. ಮುಚ್ಚಿಟ್ಟ ತಟ್ಟೆ ಎತ್ತಿದೆ. ಒಂದೇ ತುಂಡು. ನಾಲ್ಕರಲ್ಲಿ ಮೂರು ಅವಳೇ ತಿಂದಿದ್ದಳು! ಕೆಳಗೆ ಗರಿಗರಿ, ಮೇಲೆ ಬೆಣ್ಣೆ ಹೊಳೆಯುತ್ತಿತ್ತು.

"ಒಣ ಬದಿ ಕೆಳಗೆ ಹಾಕ್ಬೇಕು," ಹಾಲ್‌ನಿಂದ ಧ್ವನಿ ಬಂತು. "ಬೆಣ್ಣೆ ಮೇಲೆ. ಮುಚ್ಚಳ ಮುಚ್ಚು, ಅದು ಅದರಷ್ಟಕ್ಕೆ ಕರಗ್ತದೆ. ತಿರುಗಿಸ್ಲಿಕ್ಕಿಲ್ಲ. ನೀನು ತಿರುಗಿಸಿದಿ. ಸಣ್ಣದ್ರಿಂದಲೂ ನಿನಗೆ ಎಲ್ಲ ಅರ್ಜೆಂಟ್."

ಐವತ್ತಕ್ಕೂ ಮಿಕ್ಕಿ ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಇದು: ನನ್ನದೇ ತಪ್ಪು, ಅದೂ ತಿರುಗಿಸಿದ್ದು. ತಟ್ಟೆ ಹಿಡಿದುಕೊಂಡು ಅವಳ ಮುಂದೆ ಹೋಗಿ ನಿಂತೆ. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು, ಯಾವುದು ಮೊದಲು ಎಂದು ಗೊತ್ತಾಗಲಿಲ್ಲ.

"ತಪಸ್ಸುಕಾಲ ಅಲ್ವಾ ಅಮ್ಮ? ಬೆಣ್ಣೆ ಬಿಟ್ಟಿದ್ದಿ ಅಲ್ವಾ ನೀನು?"

"ಶುಕ್ರವಾರ ಫಾದರ್ ಮನೆಗೆ ಬರ್ತಾರಲ್ಲ, ನನ್ನ ಕುಮ್ಸಾರಿಗೆ," ಎಂದಳು. "ಪ್ರತಿ ಸಲ ಹೇಳ್ಲಿಕ್ಕೆ ಎಂತ ಇಲ್ಲದೆ ನಾಚಿಕೆ ಆಗ್ತದೆ. ಈ ಸಲ ಒಂದು ಉಂಟು."

ನಾನು ತಟ್ಟೆ ಹಿಡಿದೇ ನಿಂತಿದ್ದೆ. ಅವಳು ಕುರ್ಚಿಯ ಪಕ್ಕದ ಸ್ಟೂಲನ್ನು ಕಾಲಿನಿಂದ ಸ್ವಲ್ಪ ನನ್ನ ಕಡೆಗೆ ತಳ್ಳಿದಳು.

"ಕೂತು ತಿನ್ನು. ತಣಿದ್ರೆ ಆಗುದಿಲ್ಲ." ಜಪಸರವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಯಾರ ಜೊತೆ ಅಂತ ನಾನು ಹೇಳುದಿಲ್ಲ."